ತಂಡ ಯಾರದು, ಮೈದಾನ ಯಾರದು?

2016ರ ನವೆಂಬರ್ 5ರ ರಾತ್ರಿ ದೋಹಾದ ಸುಹೈಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅದಕ್ಕೂ ಮೊದಲು ಆ ಹಂತಕ್ಕೆ ಹೋಗಿರಲಿಲ್ಲ. ಹದಿನೇಳು ದಿನಗಳ ಹಿಂದಷ್ಟೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೋಹೋರ್ ತಂಡವನ್ನು 3-1ರಿಂದ ಸೋಲಿಸಿ, ಸುನಿಲ್ ಛೆಟ್ರಿಯ ಎರಡು ಗೋಲುಗಳ ಬಲದಿಂದ ಫೈನಲ್ ತಲುಪಿದ್ದ ತಂಡವದು. ಹಿಂದಿನ ಪಂದ್ಯಗಳ ಹಳದಿ ಕಾರ್ಡುಗಳಿಂದಾಗಿ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಫೈನಲ್‌ಗೆ ಇರಲಿಲ್ಲ. ಅವರ ಜಾಗದಲ್ಲಿ ಲಾಲ್‌ಥುಅಮ್ಮಾವಿಯಾ ರಾಲ್ಟೆ ನಿಂತರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಇರಾಕಿನ ಅಲ್ ಕುವ್ವಾ ಅಲ್ ಜಾವಿಯಾ ಗೆದ್ದಿತು.

ಕೊಲ್ಲಿಯಲ್ಲಿ ಬದುಕು ಕಟ್ಟಿಕೊಂಡ ಭಾರತೀಯರು ಅಂದು ಗ್ಯಾಲರಿಗೆ ಬಂದು ಬೆಂಗಳೂರಿನ ಪರ ಕೂಗಿದರು. ಸೋಲಿನ ನೋವಿನಲ್ಲಿ ಅಷ್ಟಾಗಿ ಯಾರೂ ಗಮನಿಸದ ಸಂಗತಿ ಇನ್ನೊಂದಿತ್ತು. ಲೆಕ್ಕಕ್ಕೆ ಆ ರಾತ್ರಿ ದೋಹಾ ಇರಾಕಿ ತಂಡದ ‘ತವರು’. 1931ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ವಾಯುಪಡೆಯ ಆ ಕ್ಲಬ್ಬಿಗೆ ಭದ್ರತೆಯ ಕಾರಣದಿಂದ ಸ್ವಂತ ನೆಲದಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಲು ಅವಕಾಶವಿರಲಿಲ್ಲ. ತಂಡವನ್ನು ಯಾರೂ ಕೊಂಡಿರಲಿಲ್ಲ, ಯಾರೂ ಮಾರಿರಲಿಲ್ಲ. ಆದರೂ ಅದು ಪರದೇಶದಲ್ಲಿ ತವರು ಹುಡುಕಬೇಕಾಯಿತು.

ಫುಟ್‌ಬಾಲ್ ತಂಡವೊಂದು ಕೈ ಬದಲಾಯಿಸುವ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳು ಕೇಳುವ ಮೊದಲ ಪ್ರಶ್ನೆ ಒಂದೇ: ಹೊಸ ಮಾಲೀಕ ನಮ್ಮ ತಂಡವನ್ನು ಬೇರೆ ಊರಿಗೆ ಒಯ್ಯುತ್ತಾನೆಯೇ? ಕಳೆದ ಒಂದು ದಶಕದಲ್ಲಿ ಭಾರತದಲ್ಲಿ, ಅದರಲ್ಲೂ ಬೆಂಗಳೂರಿನ ಸುತ್ತ ನಡೆದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಾರಾಟ ಅರ್ಧ ಕತೆ ಮಾತ್ರ. ಮೈದಾನ ಯಾರ ಕೈಯಲ್ಲಿದೆ, ಆಡುವ ಹಕ್ಕು ಯಾರ ಹೆಸರಿನಲ್ಲಿದೆ, ಊರಿನವರಿಗೆ ಅದರಲ್ಲಿ ಮಾತಿದೆಯೇ ಎಂಬುದರಲ್ಲಿ ಉಳಿದರ್ಧ ಇದೆ.

ಅಲ್ ಹಿಲಾಲ್ ಎಂಬ ಹೆಸರು

ಮೊದಲು ಆ ಫೈನಲ್ ನಡೆದ ದೋಹಾವನ್ನೇ ನೋಡೋಣ. ಅಲ್ಲಿ ಸಿ ರಿಂಗ್ ಮತ್ತು ಡಿ ರಿಂಗ್ ರಸ್ತೆಗಳ ನಡುವೆ ಅಲ್ ಹಿಲಾಲ್ ಎಂಬ ಬಡಾವಣೆಯಿದೆ. ಫುಟ್‌ಬಾಲ್ ಲೋಕದಲ್ಲಿ ಅಲ್ ಹಿಲಾಲ್ ಎಂದರೆ ಎಲ್ಲರಿಗೂ ನೆನಪಾಗುವುದು ಸೌದಿಯ ರಿಯಾದ್ ತಂಡ. ಆದರೆ ಕತಾರಿನಲ್ಲೂ ಆ ಹೆಸರಿನ ಒಂದು ಕ್ಲಬ್ ಇತ್ತು. 1996ರಲ್ಲಿ ಅಲ್ ಹಿಲಾಲ್ ಎಂದು ಹುಟ್ಟಿದ ಆ ಕ್ಲಬ್ 2004ರಲ್ಲಿ ಹೆಸರು ಬದಲಿಸಿಕೊಂಡು ಅಲ್ ಖರೈತಿಯಾತ್ ಆಯಿತು. ಖರೈತಿಯಾತ್ ದೋಹಾದ ಉತ್ತರಕ್ಕಿರುವ ಊರು. ಇಂದು ಆ ಕ್ಲಬ್ಬನ್ನು ಜನ ಗುರುತಿಸುವುದು ಆ ಊರಿನ ಹೆಸರಿನಿಂದಲೇ.

ಕತಾರಿನ ಲೀಗಿನಲ್ಲಿ ಇಂಥ ಬದಲಾವಣೆ ಅಪರೂಪವಲ್ಲ. ಅಲ್ಲಿ ಕ್ಲಬ್ಬುಗಳ ಹಣೆಬರಹ ನಿರ್ಧಾರವಾಗುವುದು ಹೆಚ್ಚಾಗಿ ಸಂತೆಯ ಬೆಲೆಯಿಂದಲ್ಲ, ಮೇಲಿನ ತೀರ್ಮಾನದಿಂದ. ಭದ್ರತಾ ಪಡೆಯ ತಂಡವಾದ ಲೆಖ್ವಿಯಾ 2010-11ರಲ್ಲಿ ಮೊದಲ ದರ್ಜೆಯ ಲೀಗಿಗೆ ಬಂದ ವರ್ಷವೇ ಚಾಂಪಿಯನ್ ಆಯಿತು. ಸೇನೆಯ ತಂಡ ಎಲ್ ಜೈಶ್ ಅದರ ಹಿಂದೆಯೇ ಬಂತು. 2017ರಲ್ಲಿ ಎರಡನ್ನೂ ಒಂದುಗೂಡಿಸಿ ಅಲ್ ದುಹೈಲ್ ಎಂದು ಹೆಸರಿಟ್ಟರು. ಅಲ್ಲಿಗೆ ಎಲ್ ಜೈಶ್ ಎಂಬ ಹೆಸರು ಅಂಕಪಟ್ಟಿಯಿಂದ ಅಳಿದುಹೋಯಿತು.

ಇದೇ ಕತಾರ್ ಹೊರದೇಶದ ಕ್ಲಬ್ಬುಗಳನ್ನು ಕೊಂಡಾಗ ನಡೆದದ್ದು ಬೇರೆಯೇ. 2011ರಲ್ಲಿ ಕತಾರ್ ಸ್ಪೋರ್ಟ್ಸ್ ಇನ್ವೆಸ್ಟ್‌ಮೆಂಟ್ಸ್ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್ಬನ್ನು ಕೊಂಡಿತು. ಹಣ ದೋಹಾದ್ದಾದರೂ ತಂಡ ಪ್ಯಾರಿಸ್ ಬಿಟ್ಟು ಕದಲಲಿಲ್ಲ. ಕಾರಣ ಸರಳ. ಪಾರ್ಕ್ ದೆ ಪ್ರಿನ್ಸ್ ಕ್ರೀಡಾಂಗಣ ನಗರಸಭೆಯ ಆಸ್ತಿ. ಕ್ಲಬ್ ಅದನ್ನು ಕೊಳ್ಳಲು ಮುಂದಾದಾಗ ಅಂದಿನ ಮೇಯರ್ ಆನ್ ಇದಾಲ್ಗೊ ಮಾರುವುದಿಲ್ಲ ಎಂದು ಪಟ್ಟು ಹಿಡಿದರು. ಆಮೇಲೆ ಕ್ಲಬ್ ಪ್ಯಾರಿಸ್ಸಿನ ಆಚೆ ಈಚೆ ಹೊಸ ಜಾಗ ಹುಡುಕತೊಡಗಿತು. ಹಾಗೆಯೇ 2012ರಲ್ಲಿ ದೋಹಾದ ಆಸ್ಪೈರ್ ಸಂಸ್ಥೆ ಬೆಲ್ಜಿಯಂನ ಜರ್ಮನ್ ಭಾಷಿಕ ಪುಟ್ಟ ಪಟ್ಟಣ ಓಯ್ಪನ್‌ನ ಕ್ಲಬ್ಬನ್ನು ಕೊಂಡಿತು. ತನ್ನ ಅಕಾಡೆಮಿಯ ಹುಡುಗರನ್ನು ಅಲ್ಲಿಗೆ ಕಳಿಸಿತೇ ಹೊರತು ಕ್ಲಬ್ಬನ್ನು ಅಲ್ಲಿಂದ ಕೀಳಲಿಲ್ಲ.

ನೆರೆಯ ಸೌದಿಯಲ್ಲಿ ಇನ್ನೊಂದು ಬಗೆ. 2023ರಲ್ಲಿ ತಬೂಕ್ ಪಟ್ಟಣದ ಅಲ್ ಸುಕೂರ್ ಎಂಬ ಹಳೆಯ ಕ್ಲಬ್ ಹೊಸ ನಗರ ಕಟ್ಟುವ ನಿಯೋಮ್ ಯೋಜನೆಯ ಕಂಪನಿಯ ಕೈಸೇರಿತು. ಆಮೇಲೆ ಕ್ಲಬ್ಬಿನ ಹೆಸರೇ ನಿಯೋಮ್ ಎಂದಾಯಿತು. ಪಂದ್ಯಗಳು ತಬೂಕ್‌ನಲ್ಲೇ ನಡೆದರೂ ತಬೂಕ್‌ನವರ ಹಳೆಯ ಹೆಸರು ಉಳಿಯಲಿಲ್ಲ. ತಂಡ ಊರು ಬಿಡುವುದೆಂದರೆ ಬಸ್ಸು ಹತ್ತಿ ಹೋಗುವುದಷ್ಟೇ ಅಲ್ಲ. ಹೆಸರು, ಬಣ್ಣ, ನೆನಪುಗಳನ್ನು ಕಿತ್ತರೂ ಊರಿಗೆ ಆಗುವ ನಷ್ಟ ಅದೇ.

ಕಾರ್ಖಾನೆಯ ತಂಡದಿಂದ ಫ್ರಾಂಚೈಸಿಗೆ

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸಾಲಾಗಿ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯದ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ತಂದಿತ್ತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಮೈದಾನದಲ್ಲಿ ಮಿಂಚಿದರೆ ಎಚ್‌ಎಎಲ್‌ ಅಥವಾ ಐಟಿಐ ತಂಡ ಸೇರಿ ಕಾರ್ಖಾನೆಯ ಕೆಲಸವನ್ನೂ ಪಡೆಯುತ್ತಿದ್ದರು. ಆ ತಂಡಗಳನ್ನು ಯಾರೂ ಕೊಳ್ಳುವಂತಿರಲಿಲ್ಲ, ಯಾರೂ ಒಯ್ಯುವಂತಿರಲಿಲ್ಲ. ಕಾರ್ಖಾನೆ ಇರುವಲ್ಲಿ ತಂಡ, ಅಷ್ಟೆ. ಎಚ್‌ಎಎಲ್‌ ಐ-ಲೀಗ್ ತನಕ ಹೋಗಿ 2012ರಲ್ಲಿ ಕೆಳಗಿಳಿಯಿತು. ಸರ್ಕಾರಿ ಉದ್ದಿಮೆಗಳ ಆಟದ ಕಾಲ ಮುಗಿಯುತ್ತ ಬಂದಿತ್ತು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಕೋಚ್, ಛೆಟ್ರಿ ನಾಯಕ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ಎದುರು ಮೊದಲ ಪಂದ್ಯ 1-1ರಲ್ಲಿ ಮುಗಿಯಿತು. ಏಪ್ರಿಲ್ ಬರುವಷ್ಟರಲ್ಲಿ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಚಾಂಪಿಯನ್. ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ನಿಂತು ತೊಂಬತ್ತು ನಿಮಿಷವೂ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪು ಅಷ್ಟರಲ್ಲಿ ಕಟ್ಟಿಕೊಂಡಿತ್ತು.

ಅದೇ 2014ರ ಏಪ್ರಿಲ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಎಂಟು ನಗರಗಳ ಫ್ರಾಂಚೈಸಿಗಳನ್ನು ಹಂಚಿತು. ಬೆಂಗಳೂರಿನ ಫ್ರಾಂಚೈಸಿ ಸನ್ ಗ್ರೂಪ್ ಪಾಲಾಯಿತು. ಚೆನ್ನೈ ಆ ಪಟ್ಟಿಯಲ್ಲಿ ಇರಲಿಲ್ಲ. ಲೀಗ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಅದಕ್ಕೂ ಮುನ್ನವೇ ಸನ್ ಗ್ರೂಪ್ ಹಿಂದೆ ಸರಿಯಿತು. ಬೆಂಗಳೂರಿನ ಜಾಗ ಚೆನ್ನೈಗೆ ಹೋಯಿತು. ಅಭಿಷೇಕ್ ಬಚ್ಚನ್ ಮತ್ತು ವೀಟಾ ದಾನಿ ಮಾಲೀಕತ್ವದ ಚೆನ್ನೈಯಿನ್ ಎಫ್‌ಸಿ ಹುಟ್ಟಿದ್ದು ಹೀಗೆ. ಒಂದೇ ಒಂದು ಚೆಂಡು ಉರುಳುವ ಮೊದಲೇ ಬೆಂಗಳೂರಿನ ಪಾಲಿನ ತಂಡ ಎತ್ತಂಗಡಿಯಾಗಿತ್ತು.

ಆಗ ಬೆಂಗಳೂರಿನಲ್ಲಿ ಯಾರೂ ಬೀದಿಗಿಳಿಯಲಿಲ್ಲ. ಕಳೆದುಕೊಂಡದ್ದು ಕಾಗದದ ಮೇಲಿನ ತಂಡವನ್ನು. ನಿಜವಾದ ತಂಡ ಅಶೋಕನಗರದಲ್ಲಿ ಆಡುತ್ತಲೇ ಇತ್ತು. ಆದರೆ ಹೊಸ ಲೀಗಿನ ಸ್ವರೂಪ ಅಂದೇ ಬಯಲಾಗಿತ್ತು. ಇಲ್ಲಿ ಮಾರಾಟಕ್ಕಿರುವುದು ಕ್ಲಬ್ ಅಲ್ಲ, ಲೀಗಿನಲ್ಲಿ ಆಡುವ ಒಂದು ಸ್ಥಾನ. ಆ ಸ್ಥಾನಕ್ಕೆ ಊರಿನ ಹೆಸರು ಅಂಟಿಸಿರುತ್ತಾರೆ, ಅಷ್ಟೆ. ಅಂಟಿಸಿದ್ದನ್ನು ಕೀಳುವುದು ಕಷ್ಟವಲ್ಲ.

ಆರು ದಿನ, ಎರಡು ಎದುರಾಳಿಗಳು

2017ರಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಬಂತು. ಮರುವರ್ಷ ಮಾರ್ಚ್ 11ರಂದು ಕಂಠೀರವದಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಎಫ್‌ಸಿ ಪುಣೆ ಸಿಟಿ. ಪುಣೆಯಲ್ಲಿ ನಡೆದ ಮೊದಲ ಪಂದ್ಯ ಗೋಲಿಲ್ಲದೆ ಮುಗಿದಿತ್ತು. ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಪುಣೆಗೆ ಜೊನಾಟನ್ ಲೂಕಾ ಒಂದು ಗೋಲು ತಂದುಕೊಟ್ಟರೂ ಪಂದ್ಯ 3-1. ಪುಣೆ ತಂಡ ಸೆಮಿಫೈನಲ್ ತಲುಪಿದ್ದು ಅದೇ ಮೊದಲು, ಅದೇ ಕೊನೆ. ‘ಆರೆಂಜ್ ಆರ್ಮಿ’ ಎಂದು ಕರೆದುಕೊಳ್ಳುತ್ತಿದ್ದ ಅದರ ಅಭಿಮಾನಿಗಳಿಗೆ ಇದು ಗೊತ್ತಿರಲಿಲ್ಲ.

ಮಾರ್ಚ್ 17ರಂದು ಅದೇ ಕಂಠೀರವದಲ್ಲಿ ಫೈನಲ್. ಈ ಸಲ ಎದುರಾಳಿ ಚೆನ್ನೈಯಿನ್. ಛೆಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದಾಗ ಕ್ರೀಡಾಂಗಣ ಕಿವುಡಾಗುವಷ್ಟು ಗದ್ದಲ. ಆಮೇಲೆ ಬ್ರೆಜಿಲ್‌ನ ಮೈಲ್ಸನ್ ಆಲ್ವಿಸ್ ಎರಡು ಸಲ ತಲೆಯಿಂದ ಚೆಂಡನ್ನು ಬಲೆಗೆ ಹೊಗಿಸಿದರು. ರಾಫೇಲ್ ಅಗುಸ್ಟೊ ಮೂರನೆಯದನ್ನು ಸೇರಿಸಿದರು. ಕೊನೆಯ ಗಳಿಗೆಯಲ್ಲಿ ಮಿಕು ಒಂದು ಗೋಲು ಹೊಡೆದರೂ 3-2ರಿಂದ ಕಪ್ ಚೆನ್ನೈಗೆ ಹೋಯಿತು. ನಾಲ್ಕು ವರ್ಷ ಹಿಂದೆ ಬೆಂಗಳೂರಿನ ಸ್ಥಾನ ಪಡೆದಿದ್ದ ತಂಡ ಬೆಂಗಳೂರಿಗೇ ಬಂದು, ಬೆಂಗಳೂರಿನ ಜನರ ಮುಂದೆಯೇ ಕಪ್ ಎತ್ತಿತು.

ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಕಪ್ ತಂದುಕೊಟ್ಟಿತು. ತಂಡ ದೇಶಕ್ಕೇ ಚಾಂಪಿಯನ್. ಅದಾಗಿ ಆರು ತಿಂಗಳೊಳಗೆ ಅದಕ್ಕೆ ತವರಿನಲ್ಲೇ ಜಾಗವಿರುತ್ತದೆಯೇ ಎಂಬ ಅನುಮಾನ ಎದ್ದಿತು.

2019ರ ಆಗಸ್ಟ್

ಭಾರತೀಯ ಫುಟ್‌ಬಾಲಿನಲ್ಲಿ ಊರು ಬದಲಾವಣೆಯ ಚರಿತ್ರೆ ಬರೆಯುವವರು 2019ರ ಆಗಸ್ಟ್ ತಿಂಗಳನ್ನು ಬಿಟ್ಟು ಬರೆಯಲಾರರು.

ಪುಣೆ ಸಿಟಿಯ ಮಾಲೀಕರು ಹಣದ ಮುಗ್ಗಟ್ಟಿಗೆ ಸಿಲುಕಿದ್ದರು. ತಂಡವನ್ನು ಮುಚ್ಚಬೇಕಾಯಿತು. ಆಗಸ್ಟ್ ಕೊನೆಯ ವಾರ ಆ ಫ್ರಾಂಚೈಸಿ ಹೈದರಾಬಾದಿಗೆ ಹೋಗುವ ಸುದ್ದಿ ಹೊರಬಿತ್ತು. ವಿಜಯ್ ಮದ್ದೂರಿ ಮತ್ತು ವರುಣ್ ತ್ರಿಪುರನೇನಿ ಹೊಸ ಮಾಲೀಕರು. ಹೈದರಾಬಾದ್ ಎಫ್‌ಸಿ ಎಂದು ಹೆಸರು, ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣ ತವರು. ಪುಣೆಯ ಆಟಗಾರರಲ್ಲಿ ಹಲವರು ಅಲ್ಲಿಗೆ ಹೋದರು. ಪುಣೆಯ ಅಭಿಮಾನಿಗಳಿಗೆ ಕೊನೆಯ ಸಲ ಬಾಲೇವಾಡಿ ಕ್ರೀಡಾಂಗಣಕ್ಕೆ ಬಂದು ತಂಡವನ್ನು ಬೀಳ್ಕೊಡುವ ಅವಕಾಶವೂ ಸಿಗಲಿಲ್ಲ. ಋತು ಮುಗಿದಿತ್ತು, ತಂಡವೂ ಮುಗಿದಿತ್ತು.

ಅದೇ ವಾರ ದಿಲ್ಲಿ ಡೈನಮೋಸ್ ಕೂಡ ಗಂಟುಮೂಟೆ ಕಟ್ಟಿತು. ಅದರ ಮಾಲೀಕರು ಬದಲಾಗಲೇ ಇಲ್ಲ. 2018ರಲ್ಲಿ ದೋಹಾದ ಆಸ್ಪೈರ್ ಅಕಾಡೆಮಿಯ ಜತೆ ಒಪ್ಪಂದ ಮಾಡಿಕೊಂಡು ದೂರದ ಯೋಚನೆಯಿಟ್ಟುಕೊಂಡಿದ್ದ ತಂಡವದು. ಆದರೆ ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ ಅದರ ಸ್ವಂತದ್ದಲ್ಲ, ಅಭ್ಯಾಸಕ್ಕೂ ಸ್ವಂತ ನೆಲೆಯಿರಲಿಲ್ಲ. ಇತ್ತ ಹಾಕಿ ವಿಶ್ವಕಪ್ ನಡೆಸಿ ಬೀಗುತ್ತಿದ್ದ ಒಡಿಶಾ ಸರ್ಕಾರ ಭುವನೇಶ್ವರದ ಕಳಿಂಗ ಕ್ರೀಡಾಂಗಣವನ್ನು ಮುಂದಿಟ್ಟು ಕರೆಯಿತು. ಡೈನಮೋಸ್ ಒಡಿಶಾ ಎಫ್‌ಸಿ ಆಯಿತು. ಮಾರಾಟವಿಲ್ಲದೆಯೂ ತಂಡ ಊರು ಬಿಡಬಹುದು, ಮೈದಾನ ಕೊಡುವವರಿದ್ದರೆ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಾಲ್ಕು ವರ್ಷದ ಬಳಿಕ, 2023ರ ಏಪ್ರಿಲ್‌ನಲ್ಲಿ, ಕೋಝಿಕ್ಕೋಡಿನಲ್ಲಿ ನಡೆದ ಸೂಪರ್ ಕಪ್ ಫೈನಲ್‌ನಲ್ಲಿ ಆ ಒಡಿಶಾ ಬೆಂಗಳೂರನ್ನು 2-1ರಿಂದ ಸೋಲಿಸಿತು.

ಹಾಗಾದರೆ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಅದು ಮೂಲತಃ ಅಥ್ಲೆಟಿಕ್ಸ್‌ಗಾಗಿ ಇರುವ ಅಂಗಳ. ಹುಲ್ಲುಹಾಸಿನ ಸುತ್ತ ಓಟದ ಟ್ರ್ಯಾಕ್, ಒಳಗೆ ಜಾವೆಲಿನ್, ಹ್ಯಾಮರ್ ಎಸೆತದ ಜಾಗ. ಫುಟ್‌ಬಾಲಿಗಾಗಿ ಹುಲ್ಲನ್ನು ಕಾಪಾಡಬೇಕೆಂದರೆ ಎಸೆತದವರಿಗೆ ತೊಂದರೆ. ಪಂದ್ಯದ ದಿನಗಳಲ್ಲಿ ಓಟಗಾರರಿಗೆ ಅಭ್ಯಾಸ ತಪ್ಪುತ್ತದೆ. ಬೆಳಗಿನ ಐದಕ್ಕೆ ಎದ್ದು ರಾಜ್ಯದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಅಭ್ಯಾಸ ಮಾಡುವ ಜಾಗವದು. ಅವರ ದೂರಿನಲ್ಲಿ ನ್ಯಾಯವಿತ್ತು. ಸಾರ್ವಜನಿಕ ಕ್ರೀಡಾಂಗಣವನ್ನು ಖಾಸಗಿ ತಂಡಕ್ಕೆ ಬಿಟ್ಟುಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು.

ಚಾಂಪಿಯನ್ ತಂಡ ತವರಿನ ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡಬೇಕಾದೀತು ಎಂಬ ಮಾತು ಆಗ ಬಲವಾಯಿತು. ಪುಣೆಯವರು ತಮ್ಮ ತಂಡವನ್ನು ಕಳೆದುಕೊಂಡ ಅದೇ ಅಂಗಳಕ್ಕೆ ಬೆಂಗಳೂರಿನ ತಂಡ ಬಿಡಾರ ಹೂಡುವ ಪರಿಸ್ಥಿತಿ. ಇಲ್ಲಿ ಮಾರಾಟದ ಸುಳಿವೂ ಇರಲಿಲ್ಲ. ಮಾಲೀಕರ ಬಳಿ ಹಣವಿತ್ತು, ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಅವರು ಕಟ್ಟಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಇತ್ತು. ಇಲ್ಲದಿದ್ದದ್ದು ಬೆಂಗಳೂರಿನಲ್ಲಿ ತಮ್ಮದು ಎನ್ನಬಹುದಾದ ಒಂದು ಮೈದಾನ. ಕೊನೆಗೆ ಸರ್ಕಾರದ ಅನುಮತಿ ಸಿಕ್ಕಿ, ಅಕ್ಟೋಬರ್‌ನಲ್ಲಿ ತಂಡ ಕಂಠೀರವದಲ್ಲೇ ಹೊಸ ಋತು ಆರಂಭಿಸಿತು.

ಆ ಗೊಂದಲದ ನಡುವೆ, ಸೆಪ್ಟೆಂಬರ್ 10ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಭಾರತದ ಎದುರು ಏಷ್ಯಾ ಚಾಂಪಿಯನ್ ಕತಾರ್. ಛೆಟ್ರಿ ಜ್ವರದಿಂದ ಮಲಗಿದ್ದರು. ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾಯಕರಾಗಿ ನಿಂತು, ಒಂದರ ಮೇಲೊಂದು ಬಂದ ಹೊಡೆತಗಳನ್ನು ತಡೆದರು. ಪಂದ್ಯ 0-0ಯಲ್ಲಿ ಮುಗಿಯಿತು. ದೋಹಾದ ಭಾರತೀಯರು ಹೆಗಲ ಮೇಲೆ ಹೊತ್ತು ಮೆರೆಸಬೇಕೆನ್ನುವಂಥ ಆಟ ಆಡಿದ ಆ ಕೀಪರನ ಕ್ಲಬ್ಬಿಗೆ ಮುಂದಿನ ತಿಂಗಳು ಯಾವ ಊರಿನಲ್ಲಿ ಆಡುವುದೆಂಬುದೇ ಚಿಂತೆಯಾಗಿದ್ದ ದಿನಗಳವು.

ಮೂರು ಊರು ಕಂಡ ಫ್ರಾಂಚೈಸಿ

ಹೈದರಾಬಾದಿಗೆ ಹೋದ ಫ್ರಾಂಚೈಸಿಯ ಕತೆ ಅಲ್ಲಿಗೇ ನಿಲ್ಲಲಿಲ್ಲ. ಮೊದಲ ವರ್ಷ ಅದು ಕೊನೆಯ ಸ್ಥಾನದಲ್ಲಿತ್ತು. ಆಮೇಲೆ ಸ್ಪೇನಿನ ಮನೋಲೊ ಮಾರ್ಕೆಸ್ ಕೋಚ್ ಆಗಿ ಬಂದರು. ಕೊರೊನಾದಿಂದಾಗಿ ಎರಡು ಋತು ಇಡೀ ಲೀಗ್ ಗೋವಾದಲ್ಲೇ ನಡೆಯಿತು. 2022ರ ಮಾರ್ಚ್ 20ರಂದು ಮಡಗಾಂವಿನ ಫತೋರ್ಡಾದಲ್ಲಿ ಫೈನಲ್. ಕೇರಳ ಬ್ಲಾಸ್ಟರ್ಸ್ ಮುಂದಿತ್ತು. 88ನೇ ನಿಮಿಷದಲ್ಲಿ ಸಾಹಿಲ್ ತಾವೊರಾ ಸಮ ಮಾಡಿದರು. ಪೆನಾಲ್ಟಿ ಹೊಡೆತಗಳಲ್ಲಿ ಹೈದರಾಬಾದಿನ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟೀಮನಿ ಮೂರನ್ನು ತಡೆದರು. ಹೈದರಾಬಾದ್ ಚಾಂಪಿಯನ್ ಆಯಿತು. ‘ಡೆಕ್ಕನ್ ಲೀಜನ್’ ಎಂಬ ಅಭಿಮಾನಿಗಳ ಗುಂಪಿಗೆ ತಮ್ಮ ಊರಿಗೂ ಒಂದು ತಂಡ ಬೇರು ಬಿಟ್ಟಿತು ಎನಿಸಿದ ಕಾಲ ಅದು.

ಎರಡೇ ವರ್ಷದಲ್ಲಿ ಎಲ್ಲ ಕುಸಿಯಿತು. ಆಟಗಾರರಿಗೆ ಸಂಬಳ ಬಾಕಿ, ಫಿಫಾದಿಂದ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ನಿಷೇಧ, ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು. 2023-24ರಲ್ಲಿ ಚಾಂಪಿಯನ್ ತಂಡ ಅಂಕಪಟ್ಟಿಯ ತಳದಲ್ಲಿತ್ತು. 2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಅದನ್ನು ಕೊಂಡಿತು. ಇದು ಬೆಂಗಳೂರು ಎಫ್‌ಸಿಯ ಮಾಲೀಕ ಜೆಎಸ್‌ಡಬ್ಲ್ಯು ಅಲ್ಲ, ಬೇರೆ ಸಂಸ್ಥೆ. ಒಂದು ಋತು ಹೈದರಾಬಾದಿನಲ್ಲಿ ನಡೆಸಿ, 2025ರ ಅಕ್ಟೋಬರ್‌ನಲ್ಲಿ ಹೊಸ ಮಾಲೀಕರು ತಂಡವನ್ನು ದಿಲ್ಲಿಗೆ ಒಯ್ದು ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ ಎಂದು ಹೆಸರಿಟ್ಟರು. ಪುಣೆ, ಹೈದರಾಬಾದ್, ದಿಲ್ಲಿ: ಆರೇ ವರ್ಷಗಳಲ್ಲಿ ಒಂದೇ ಫ್ರಾಂಚೈಸಿ ಮೂರು ಊರು ಕಂಡಿತು. ಎರಡೂ ಸಲ ದಾರಿ ಒಂದೇ: ಮೊದಲು ಸಾಲ, ಆಮೇಲೆ ಮಾರಾಟ, ಆಮೇಲೆ ಎತ್ತಂಗಡಿ.

ಹಾಗೆಂದು ಮಾರಾಟವಾದ ತಂಡವೆಲ್ಲ ಊರು ಬಿಡುತ್ತದೆ ಎನ್ನುವಂತಿಲ್ಲ. 2018ರಲ್ಲಿ ಸಚಿನ್ ತೆಂಡೂಲ್ಕರ್ ಕೇರಳ ಬ್ಲಾಸ್ಟರ್ಸ್‌ನ ತಮ್ಮ ಪಾಲು ಬಿಟ್ಟುಕೊಟ್ಟರು. ತಂಡ ಕೊಚ್ಚಿಯಲ್ಲೇ ಉಳಿಯಿತು. 2019ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಂಸ್ಥೆಯಾದ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿಯ ಶೇ 65ರಷ್ಟು ಪಾಲು ಕೊಂಡಿತು. ತಂಡ ಮುಂಬೈಯಲ್ಲೇ ಇತ್ತು. ಕೊಚ್ಚಿಯ ಕಲೂರು ಕ್ರೀಡಾಂಗಣಕ್ಕೆ ಸಾವಿರಗಟ್ಟಲೆ ಜನ ಹಳದಿ ಅಂಗಿ ತೊಟ್ಟು ಬರುತ್ತಾರೆ. ಅಂಥ ಊರನ್ನು ಬಿಟ್ಟು ಹೋಗುವ ಮಾಲೀಕನಿಗೆ ನಷ್ಟವೇ. ಜನ ಬರುವ ಊರು ತಂಡವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಜನ ಬಂದರೂ ಮೈದಾನ ಕೈಯಲ್ಲಿಲ್ಲದ ಊರಿಗೆ ಆ ಬಲವಿಲ್ಲ.

ಹೊರಗಿನ ಎರಡು ಪಾಠಗಳು

ಇಂಗ್ಲೆಂಡಿನ ವಿಂಬಲ್ಡನ್ ಎಫ್‌ಸಿ 1988ರಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. ಅದರ ಮೈದಾನ ಪ್ಲೌ ಲೇನ್. 1991ರಲ್ಲಿ ತಂಡ ಆ ಮೈದಾನ ಬಿಟ್ಟು ಸೆಲ್ಹರ್ಸ್ಟ್ ಪಾರ್ಕಿನಲ್ಲಿ ಇನ್ನೊಂದು ತಂಡದ ಬಾಡಿಗೆದಾರನಾಯಿತು. ಆಮೇಲೆ ತಂಡ ನಾರ್ವೆಯವರ ಕೈಸೇರಿತು, ಮೈದಾನದ ಜಾಗ ಸೂಪರ್‌ಮಾರ್ಕೆಟ್ ಕಂಪನಿಗೆ ಹೋಯಿತು. 2002ರ ಮೇ ತಿಂಗಳಲ್ಲಿ ಮೂವರ ಸಮಿತಿ ಎರಡು-ಒಂದರ ಬಹುಮತದಿಂದ ತಂಡ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಹೋಗಲು ಒಪ್ಪಿಗೆ ಕೊಟ್ಟಿತು. 2003ರಲ್ಲಿ ತಂಡ ಹೋಯಿತು, ಮರುವರ್ಷ ಹೆಸರೂ ಬದಲಾಯಿತು.

ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಒಪ್ಪಿಗೆ ಸಿಕ್ಕ ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು. ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿದರು, ಕೆಳಗಿನ ದರ್ಜೆಯಿಂದ ಮತ್ತೆ ಶುರುಮಾಡಿದರು. 2020ರ ನವೆಂಬರ್‌ನಲ್ಲಿ ಪ್ಲೌ ಲೇನ್‌ನಲ್ಲಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಮರಳಿದರು. ಆ ಕ್ಲಬ್ಬಿನ ಒಡೆತನ ಅಭಿಮಾನಿಗಳ ಟ್ರಸ್ಟಿನ ಹಿಡಿತದಲ್ಲಿದೆ. ಆ ಊರು ಹದಿನೆಂಟು ವರ್ಷ ಕಾದು ಕಲಿತದ್ದು ಇದು: ಮೈದಾನ ಮೊದಲು ಹೋಗುತ್ತದೆ, ತಂಡ ಆಮೇಲೆ ಹೋಗುತ್ತದೆ.

ಅಮೆರಿಕದ ಕೊಲಂಬಸ್ ಇದಕ್ಕೆ ತಿರುಗುಮುರುಗು. 2017ರ ಅಕ್ಟೋಬರ್‌ನಲ್ಲಿ ಕೊಲಂಬಸ್ ಕ್ರೂ ತಂಡದ ಮಾಲೀಕ ಆಂಥೊನಿ ಪ್ರೆಕೋರ್ಟ್ ತಂಡವನ್ನು ಟೆಕ್ಸಾಸಿನ ಆಸ್ಟಿನ್‌ಗೆ ಒಯ್ಯುವ ಯೋಚನೆ ಹೊರಗೆಡವಿದರು. ಅಲ್ಲಿನ ಓಹಾಯೊ ರಾಜ್ಯದಲ್ಲಿ 1996ರ ಒಂದು ಕಾನೂನಿದೆ. ಅದಕ್ಕೂ ಮುಂಚೆ ಕ್ಲೀವ್‌ಲ್ಯಾಂಡ್ ನಗರ ಅಮೆರಿಕನ್ ಫುಟ್‌ಬಾಲ್ ತಂಡವೊಂದನ್ನು ಕಳೆದುಕೊಂಡ ಕಹಿಯಿಂದ ಹುಟ್ಟಿದ್ದು ಅದು. ಸರ್ಕಾರದ ನೆರವು ಪಡೆದ, ತೆರಿಗೆದಾರರ ಹಣದಿಂದ ಬೆಳೆದ ಕ್ರೀಡಾಂಗಣದಲ್ಲಿ ಆಡುವ ತಂಡ ಊರು ಬಿಡಬೇಕೆಂದರೆ ಆಗ ಆರು ತಿಂಗಳ ಮುಂಚೆ ನೋಟಿಸು ಕೊಡಬೇಕಿತ್ತು, ಊರಿನವರಿಗೆ ತಂಡ ಕೊಳ್ಳುವ ಅವಕಾಶ ಇರಬೇಕಿತ್ತು. ರಾಜ್ಯ ಸರ್ಕಾರವೂ ನಗರವೂ ಅದರ ಆಧಾರದ ಮೇಲೆ ನ್ಯಾಯಾಲಯಕ್ಕೆ ಹೋದವು. ಅಭಿಮಾನಿಗಳು ‘ಸೇವ್ ದ ಕ್ರೂ’ ಎಂದು ಒಗ್ಗೂಡಿದರು. 2018ರ ಕೊನೆಗೆ ಹ್ಯಾಸ್ಲಮ್ ದಂಪತಿ ಮತ್ತು ಸ್ಥಳೀಯ ಎಡ್ವರ್ಡ್ಸ್ ಕುಟುಂಬ ತಂಡವನ್ನು ಕೊಂಡವು. ಇಲ್ಲಿ ಮಾರಾಟವೇ ತಂಡವನ್ನು ಊರಿನಲ್ಲಿ ಉಳಿಸಿತು. 2020 ಮತ್ತು 2023ರಲ್ಲಿ ಆ ತಂಡ ಲೀಗ್ ಕಪ್ ಗೆದ್ದಿತು.

ಬೆಂಗಳೂರು ಏನು ಕೇಳಬೇಕು

2025ರಲ್ಲಿ ಭಾರತೀಯ ಫುಟ್‌ಬಾಲ್ ಮತ್ತೊಂದು ಕುಸಿತ ಕಂಡಿತು. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುತ್ತಿದ್ದ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದಿತ್ತು. ಜುಲೈನಲ್ಲೇ ಹೊಸ ಋತುವನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಪುಣೆಯಲ್ಲಿ, ಹೈದರಾಬಾದಿನಲ್ಲಿ ಎತ್ತಂಗಡಿಗೆ ಮೊದಲು ಬಂದದ್ದು ಇಂಥದೇ ಹಣದ ಅಡಚಣೆ. ಬೆಂಗಳೂರಿನ ತಂಡ ಮಾರಾಟಕ್ಕಿದೆ ಎಂದು ನಾನು ಹೇಳುತ್ತಿಲ್ಲ. ಆ ದಿನ ಬಂದರೆ ನಗರದ ಕೈಯಲ್ಲಿ ಏನಿರುತ್ತದೆ ಎಂದು ಕೇಳುತ್ತಿದ್ದೇನೆ. ಇವತ್ತಿನ ಮಟ್ಟಿಗೆ ಉತ್ತರ: ಜನರ ಪ್ರೀತಿಯ ಹೊರತು ಹೆಚ್ಚೇನೂ ಇಲ್ಲ.

ಅದನ್ನು ಬದಲಿಸಲು ಸರ್ಕಾರಕ್ಕೆ ಸಾಧ್ಯ. ಕಂಠೀರವದ ವಿವಾದದಲ್ಲಿ ಅಥ್ಲೀಟುಗಳೂ ಫುಟ್‌ಬಾಲ್ ಪ್ರೇಮಿಗಳೂ ಎದುರುಬದುರು ನಿಲ್ಲಬೇಕಾದದ್ದೇ ತಪ್ಪು. ಇಬ್ಬರಿಗೂ ಜಾಗ ಬೇಕು. ಅಶೋಕನಗರದ ಕ್ರೀಡಾಂಗಣವನ್ನಾಗಲೀ ಬೇರೊಂದು ಮೈದಾನವನ್ನಾಗಲೀ ಫುಟ್‌ಬಾಲಿಗೆ ಮೀಸಲಿಟ್ಟು ಕಟ್ಟಿದರೆ ಕಂಠೀರವ ಓಟಗಾರರಿಗೆ ಸಿಗುತ್ತದೆ. ಸಾರ್ವಜನಿಕ ಜಾಗವನ್ನು ತಂಡಕ್ಕೆ ಕೊಡುವಾಗ ಗುತ್ತಿಗೆ ಕರಾರಿನಲ್ಲೇ ಮೂರು ಷರತ್ತು ಬರೆಸಬೇಕು. ತಂಡ ಮಾರಾಟವಾದರೆ ಸರ್ಕಾರಕ್ಕೂ ಅಭಿಮಾನಿಗಳಿಗೂ ಮೊದಲೇ ತಿಳಿಸಬೇಕು. ಊರು ಬಿಡುವ ಮಾತು ಬಂದರೆ ಕನಿಷ್ಠ ಆರು ತಿಂಗಳು ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕು. ಬೆಂಗಳೂರು ಎಂಬ ಹೆಸರೂ ತಂಡದ ಗುರುತೂ ಊರಿನೊಂದಿಗೇ ಉಳಿಯಬೇಕು.

ಲೀಗಿನ ನಿಯಮಗಳಲ್ಲೂ ಅಭಿಮಾನಿಗಳ ಪ್ರತಿನಿಧಿಗೆ ಒಂದು ಸ್ಥಾನ ಬೇಕು. ಜರ್ಮನಿಯಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ ಕೆಲವು ವಿನಾಯಿತಿಗಳೊಂದಿಗೆ ದಶಕಗಳಿಂದ ನಡೆದುಬಂದಿದೆ. ಅಷ್ಟು ದೂರ ಹೋಗದಿದ್ದರೂ, ಊರು ಬದಲಾವಣೆಯಂಥ ತೀರ್ಮಾನದಲ್ಲಿ ಊರಿನವರ ಅಭಿಪ್ರಾಯ ಕೇಳಲೇಬೇಕು ಎಂಬ ನಿಯಮ ದುಬಾರಿಯಲ್ಲ. ಹೈದರಾಬಾದಿನವರಿಗೆ ಅಂಥ ನಿಯಮವಿದ್ದಿದ್ದರೆ ಒಂದು ವೇಳೆ ತಂಡ ಹೋಗುವುದನ್ನು ತಡೆಯಲಾಗದಿದ್ದರೂ, ಕಡೇಪಕ್ಷ ಅವರ ಮಾತು ದಾಖಲೆಯಲ್ಲಿ ಉಳಿಯುತ್ತಿತ್ತು.

2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡವನ್ನು ಯಾರೂ ಕೊಳ್ಳಲಾರರು, ಯಾರೂ ಒಯ್ಯಲಾರರು, ಏಕೆಂದರೆ ಅದು ರಾಜ್ಯದ ಹೆಸರಿನಲ್ಲಿ ಆಡುತ್ತದೆ. ವೃತ್ತಿಪರ ಕ್ಲಬ್ಬಿಗೆ ಮಾಲೀಕರು ಬೇಕೇ ಬೇಕು, ಅವರ ಹಣವಿಲ್ಲದೆ ತಂಡ ನಡೆಯದು. ಆದರೆ ಮಾಲೀಕರು ಬರುತ್ತಾರೆ, ಹೋಗುತ್ತಾರೆ. ಮೈದಾನವೂ ಕರಾರೂ ಕಾನೂನೂ ಊರಿನ ಕೈಯಲ್ಲಿದ್ದರೆ ಮಾರಾಟದ ಸುದ್ದಿಗೆ ಬೆಂಗಳೂರು ಹೆದರಬೇಕಿಲ್ಲ. ಈ ಕೆಲಸವನ್ನು ಮಾರಾಟದ ಸುದ್ದಿ ಬರುವ ಮೊದಲೇ ಮಾಡಿ ಮುಗಿಸಬೇಕು. ಪುಣೆಯವರಿಗೂ ಹೈದರಾಬಾದಿನವರಿಗೂ ಆ ಸಮಯ ಸಿಗಲಿಲ್ಲ, ನಮಗೆ ಇನ್ನೂ ಇದೆ.